ಮೇಲಿನ ಬೀದಿ, ಕೆಳಗಿನ ಬೀದಿ



ಬಂಗಾರಪೇಟೆಯಿಂದ ರೈಲಿನ ಟಿಕೆಟ್ ಕಾದಿರಿಸಿದವರು ಒಂದು ಸಣ್ಣ ವಿಷಯ ಗಮನಿಸಿರಬಹುದು. ಟಿಕೆಟ್ಟಿನ ಮೇಲೆ ನಮ್ಮ ನಿಲ್ದಾಣದ ಗುರುತು ಬಿ.ಡಬ್ಲ್ಯು.ಟಿ. ಎಂದಿರುತ್ತದೆ. ಬಂಗಾರಪೇಟೆ ಎಂಬ ಹೆಸರಿನಲ್ಲಿ ಈ ಡಬ್ಲ್ಯು ಎಲ್ಲಿಂದ ಬಂತು? ಅದು ಬೌರಿಂಗ್‌ಪೇಟೆಯ ಡಬ್ಲ್ಯು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರನ್ನು ಈ ಪೇಟೆಗೆ ಇಟ್ಟಿದ್ದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಅವರ ಹೆಸರಿನದೇ. ಜನರ ನಾಲಿಗೆಗೆ ಆ ಹೆಸರು ಒಗ್ಗಲಿಲ್ಲ. ಹತ್ತಿರದಲ್ಲೇ ಚಿನ್ನದ ಗಣಿ ಬೇರೆ ಇತ್ತು. ಬೌರಿಂಗ್ ಹೋಗಿ ಬಂಗಾರ ಬಂತು. ಸರ್ಕಾರದ ಕಾಗದದಲ್ಲೂ ಬಂಗಾರಪೇಟೆಯೇ ನಿಂತಿತು. ರೈಲ್ವೆಯ ಮೂರು ಅಕ್ಷರಗಳಲ್ಲಿ ಮಾತ್ರ ಹಳೆಯ ಹೆಸರು ಇಂದಿಗೂ ಉಳಿದಿದೆ.

ನಾನು ಈ ಊರಿನವನು. ನನ್ನ ತಂದೆ ಇಲ್ಲಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದೆ. ಕೆಲಸದಲ್ಲಿದ್ದಷ್ಟು ದಿನ ಕೋಲಾರ ಚಿನ್ನದ ಗಣಿಯ ಕೆ.ಜಿ.ಎಫ್. ಎಂದರೆ ನನಗೆ ಪರೀಕ್ಷೆಯ ಡ್ಯೂಟಿಗೆ, ಮದುವೆಗೆ, ಸಾವಿಗೆ ಹೋಗಿ ಬರುವ ಪಕ್ಕದ ಊರು, ಅಷ್ಟೆ. ಹತ್ತು ಮೈಲಿ ದೂರದ ಊರನ್ನು ನೋಡಲು ಯಾರೂ ಹೋಗುವುದಿಲ್ಲ. ನಿವೃತ್ತಿಯಾದ ಮೇಲೆ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಕಾರ್ಮಿಕರ ಮನೆಗಳ ಒಂದೊಂದು ಲೈನನ್ನೂ ಕಾಲ್ನಡಿಗೆಯಲ್ಲಿ ಸುತ್ತುವ ಅಭ್ಯಾಸ ಮಾಡಿಕೊಂಡೆ. ಆ ತಿರುಗಾಟದಲ್ಲಿ ಕಂಡದ್ದನ್ನು ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ. ಆ ದಾರಿಯ ನಡುವಿನ ನಿಲ್ದಾಣ ಬೌರಿಂಗ್‌ಪೇಟೆ. ಗಣಿಗಳು ಏರುಗತಿಯಲ್ಲಿದ್ದಾಗ, 1894ರಲ್ಲಿ, ಇಲ್ಲಿಂದ ಗಣಿಗೆ ಒಂದು ಕವಲು ಹಾಕಿದರು. 1913ರಲ್ಲಿ ಕೋಲಾರದ ಕಡೆಗೆ ಸಣ್ಣ ಹಳಿಯ ರೈಲೂ ಬಂತು. ಹೀಗೆ ಮೂರು ದಾರಿಯ ಹಳಿ ಸೇರಿ ನಮ್ಮ ಊರು ಜಂಕ್ಷನ್ ಆಯಿತು. ಗಣಿಯ ಕವಲು ಸುಮಾರು 16 ಕಿಲೋಮೀಟರ್. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಅಲ್ಲಿಂದ ಮುಂದೆ ಹಳಿ ಇಲ್ಲ.

ಈ ನಿಲ್ದಾಣಗಳು ಯಾಕೆ ಇಷ್ಟು ಒತ್ತೊತ್ತಾಗಿವೆ ಎಂದು ಚಿಕ್ಕಂದಿನಲ್ಲಿ ನನಗೆ ಆಶ್ಚರ್ಯ. ಒಂದು ಊರಿಗೆ ಒಂದು ನಿಲ್ದಾಣ ಸಾಲದೇ? ಉತ್ತರ ಗೊತ್ತಾದದ್ದು ತೀರಾ ಈಚೆಗೆ, ಒಂದು ಹಳೆಯ ಗಣಿ ನಕ್ಷೆಯನ್ನು ಊರಿನ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದಾಗ. ಕೋಲಾರದ ಚಿನ್ನ ಇರುವುದು ಉತ್ತರದಿಂದ ದಕ್ಷಿಣಕ್ಕೆ ಸಾಗುವ ಒಂದು ಬಂಡೆಯ ಪಟ್ಟಿಯಲ್ಲಿ. ಅದರೊಳಗೆ ಬೆಣಚುಕಲ್ಲಿನ ಎಳೆಗಳು. ಅವುಗಳಲ್ಲಿ ದೊಡ್ಡದರ ಹೆಸರು ಚಾಂಪಿಯನ್. ಅದು ಪಶ್ಚಿಮಕ್ಕೆ ವಾಲಿಕೊಂಡು ಪಾತಾಳಕ್ಕೆ ಇಳಿಯುತ್ತದೆ. ಆ ಎಳೆಯ ಉದ್ದಕ್ಕೂ ಉತ್ತರದಿಂದ ಬಾಲಾಘಾಟ್, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂದು ಕಂಪನಿಗಳು ಗಣಿ ಹೂಡಿದವು. ಪ್ರತಿ ಗಣಿಗೆ ಹಲವು ಶಾಫ್ಟ್. ಪ್ರತಿ ಶಾಫ್ಟಿನ ಸುತ್ತ ಕೂಲಿಯವರ ಮನೆ, ಸ್ವಲ್ಪ ಎತ್ತರದಲ್ಲಿ ಸಾಹೇಬರ ಬಂಗಲೆ, ಒಂದು ಗುಡಿ, ಒಂದು ಚರ್ಚು, ಒಂದು ನಿಲ್ದಾಣ.

ನಮ್ಮ ನಾಡಿನ ಊರುಗಳು ಕೆರೆ ನೋಡಿ, ಕೋಟೆ ನೋಡಿ, ದೇವಸ್ಥಾನದ ರಥಬೀದಿ ನೋಡಿ ಬೆಳೆದವು. ಕೋಲಾರಕ್ಕೆ ಕೋಲಾರಮ್ಮ ಇದ್ದಾಳೆ, ಮುಳಬಾಗಿಲಿಗೆ ಆಂಜನೇಯ ಇದ್ದಾನೆ. ಕೆ.ಜಿ.ಎಫ್.ಗೆ ಹಾಗೆ ನಟ್ಟನಡುವೆ ಎನ್ನುವ ಜಾಗವೇ ಇಲ್ಲ. ನೆಲದಡಿಯ ಎಳೆ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಊರು ಹೋಯಿತು. ಅದರ ನಕ್ಷೆಯನ್ನು ಬರೆದದ್ದು ಬಂಡೆ. ಇದು ತಲೆಗೆ ಹೊಕ್ಕ ದಿನದಿಂದ ಆ ಬೀದಿಗಳಲ್ಲಿ ನಡೆಯುವಾಗ ನನ್ನ ಲಕ್ಷ್ಯ ಪಾದದ ಕೆಳಗೇ ಇರುತ್ತದೆ.

ಮೊದಲು ಬಗೆದವರು ಯಾರು? 1802ರಲ್ಲಿ ಗಡಿ ಅಳೆಯಲು ಬಂದ ಜಾನ್ ವಾರನ್ ಎಂಬ ಸೇನಾಧಿಕಾರಿಯ ಕಿವಿಗೆ, ಈ ಕಡೆಯ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಬಿತ್ತು. ತೋರಿಸಿಕೊಟ್ಟವರಿಗೆ ಇನಾಮು ಕೊಡುತ್ತೇನೆ ಎಂದು ಅವನು ಸಾರಿದ. ಊರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಎದುರೇ ತೊಳೆದು, ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಬಳಿ ದಲಿತ ಕುಟುಂಬಗಳು ಗುಂಡಿಗೆ ಇಳಿದು ಕಲ್ಲು ಒಡೆದು, ಬುಟ್ಟಿಗೆ ತುಂಬಿ, ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳಿಸುತ್ತಿದ್ದುದನ್ನೂ, ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಕಂಪನಿಯ ಇತಿಹಾಸ ಶುರುವಾಗುವುದು ಎಪ್ಪತ್ತು ವರ್ಷ ಆದಮೇಲೆ. ಮೈಕೆಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ, ಈಗ ಬೆಂಗಳೂರಿನ ಲವೆಲ್ ರಸ್ತೆಯಲ್ಲಿ ಹೆಸರು ಉಳಿದಿರುವವನು, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದರು. ಅವರಿಗೂ ಮೊದಮೊದಲು ನಷ್ಟವೇ. ಕೊನೆಗೆ ಕೈಹಿಡಿದದ್ದು ಹಳಬರು ತೋಡಿಬಿಟ್ಟ ಗುಂಡಿಗಳು. ಅವುಗಳ ಅಡಿಗೆ ಇನ್ನೂ ಆಳ ಹೋದಾಗ ಚಾಂಪಿಯನ್ ಎಳೆ ಸಿಕ್ಕಿತು. ಹೆಸರಿಲ್ಲದ ಆ ಬುಟ್ಟಿ ದಾಟಿಸಿದವರೇ ದಾರಿ ತೋರಿದರು ಎಂದು ನಾನು ತಿಳಿದಿದ್ದೇನೆ. ಮಾರಿಕುಪ್ಪಂ ನಿಲ್ದಾಣದಲ್ಲಿ ಇಳಿದಾಗಲೆಲ್ಲ ಮೊದಲು ಅವರ ನೆನಪಾಗುತ್ತದೆ.

ಈಗ ಲೈನುಗಳ ಒಳಗೆ ಹೋಗೋಣ.

ಕೆ.ಜಿ.ಎಫ್.ನಲ್ಲಿ ಹೊಸ ಮುಖ ಕಂಡರೆ ಹಿರಿಯರು ಯಾವ ಬೀದಿ, ಯಾವ ಮನೆ ಎಂದು ಕೇಳುವುದಿಲ್ಲ. ‘ಯಾವ ಲೈನು?’ ಎನ್ನುತ್ತಾರೆ. ಲೈನು ಎಂದರೆ ಬೆನ್ನಿಗೆ ಬೆನ್ನು ತಾಗಿದ, ಗೋಡೆಗೆ ಗೋಡೆ ಕೂಡಿದ ಮನೆಗಳ ಸಾಲು. ಕಂಪನಿ ಮೊದಲು ಕಟ್ಟಿಸಿಕೊಟ್ಟದ್ದು ಬಿದಿರಿನ ತಟ್ಟಿಯ ಗುಡಿಸಲು. ಆಮೇಲೆ ತಗಡಿನ ಸೂರು, ಇಟ್ಟಿಗೆ ಗೋಡೆ. ಒಂದು ಕೋಣೆ, ಸುಮಾರು ಹತ್ತಡಿಗೆ ಹತ್ತಡಿ, ಮುಂದೆ ಒಂದು ಚಾಚು. ಅದರಲ್ಲೇ ಒಲೆ, ಅದರಲ್ಲೇ ತೊಟ್ಟಿಲು, ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲು ಮಲಗಲು ಅದರಲ್ಲೇ ಒಂದು ಮೂಲೆ. ಹೆಸರುಗಳನ್ನು ಕೇಳಿ: ಕೆನಡೀಸ್ ಲೈನ್, ಹೆನ್ರೀಸ್, ಎಡ್ಗರ್ಸ್. ಯಾವನೋ ಸಾಹೇಬನ ಹೆಸರು ಮೊದಲು ಶಾಫ್ಟಿಗೆ, ಶಾಫ್ಟಿನಿಂದ ಅದರ ಸುತ್ತಲಿನ ಜಾಗಕ್ಕೆ. ಆ ಸಾಹೇಬ ಯಾರೆಂದು ಲೈನಿನಲ್ಲಿ ಯಾರಿಗೂ ಗೊತ್ತಿಲ್ಲ. ಹೆಸರು ಮಾತ್ರ ತಮಿಳಿನ ಎಳೆತ ಸೇರಿ ಮನೆಮಾತಾಗಿಬಿಟ್ಟಿದೆ.

ಇಲ್ಲಿ ಬಂದು ನೆಲೆಸಿದವರು ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಬಡವರು. ಹೆಚ್ಚಿನವರು ದಲಿತರು. ಹಳ್ಳಿಯಲ್ಲಿ ಭೂಮಾಲೀಕನ ಅಂಗಳಕ್ಕೂ ಕಾಲಿಡಲಾಗದವರು ಇಲ್ಲಿ ಸಂಬಳ ಎಣಿಸಿಕೊಂಡರು. ಇದರ ಬೆಲೆ ಏನೆಂದು ಹೊರಗಿನ ನಮಗೆ ಬೇಗ ಅರ್ಥವಾಗುವುದಿಲ್ಲ. ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಮೀರಿದ ಆಳುಗಳು ಗಣಿಯಲ್ಲಿ ದುಡಿಯುತ್ತಿದ್ದರು. ಆ ಹತ್ತಡಿ ಕೋಣೆಗಳ ನಡುವೆಯೇ ಓದು ಬೆಳೆಯಿತು. ಮದ್ರಾಸಿನ ಪಂಡಿತ ಅಯೋಥಿದಾಸರು ಕಟ್ಟಿದ ಬೌದ್ಧ ಸಂಘದ ಶಾಖೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿತ್ತು. 1907ರಲ್ಲಿ ಅವರು ಹುಟ್ಟುಹಾಕಿದ ‘ತಮಿಳನ್’ ಪತ್ರಿಕೆಯನ್ನು, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1920ರ ದಶಕದಲ್ಲಿ ಮತ್ತೆ ನಡೆಸಿದವರು ಚಾಂಪಿಯನ್ ರೀಫ್ಸ್‌ನ ಜಿ. ಅಪ್ಪಾದುರೈಯಾರ್. ದೇಶದಲ್ಲಿ ಲಕ್ಷಾಂತರ ಜನ ಬೌದ್ಧರಾಗುವುದಕ್ಕೆ ದಶಕಗಳ ಮೊದಲೇ ಈ ಲೈನುಗಳಲ್ಲಿ ಬುದ್ಧನ ಹೆಸರು ಕೇಳಿಬರುತ್ತಿತ್ತು. ಕನ್ನಡದ ಓದುಗರಿಗೆ ಈ ಸಂಗತಿ ಇನ್ನೂ ಚೆನ್ನಾಗಿ ಮುಟ್ಟಿಲ್ಲವಲ್ಲ ಎಂಬ ಸಂಕಟ ನನಗಿದೆ. ನಮ್ಮ ಜಿಲ್ಲೆಯ ಚರಿತ್ರೆಯೇ ಅಲ್ಲವೇ ಇದು? ತಮಿಳಿನಲ್ಲಿ ನಡೆಯಿತು ಎಂಬ ಕಾರಣಕ್ಕೆ ನಾವು ಕಣ್ಣು ಹಾಯಿಸದೆ ಬಿಟ್ಟೆವು.

ಲೈನಿನ ನೀರು ನಲ್ಲಿಯ ನೀರು. ಪಾಲಾರ್ ನದಿಗೆ ಅಡ್ಡ ಇರುವ ಬೇತಮಂಗಲದ ಕೆರೆಯಿಂದ ಗಣಿಗೆ ನೀರು ತಂದರು. ಒಂದು ಸಾಲಿಗೆ ಒಂದು ನಲ್ಲಿ; ಇಡೀ ಸಾಲಿನ ಸುಖದುಃಖ ಅಲ್ಲಿ. ಈಚೆಗೆ ಚೀನಾದ ಬೀಜಿಂಗಿನ ಹಳೆಯ ಗಲ್ಲಿಗಳ ಬಗ್ಗೆ ಓದುತ್ತಿದ್ದೆ. ಅವಕ್ಕೆ ಹುಟಾಂಗ್ ಎನ್ನುತ್ತಾರೆ. ಆ ಮಾತು ಬಾವಿ ಎಂಬ ಅರ್ಥದ ಮಂಗೋಲ್ ಪದದಿಂದ ಬಂದಿರಬೇಕು ಎಂದು ಹಲವು ವಿದ್ವಾಂಸರ ಊಹೆ. ನೀರು ಸೇದುವ ಜಾಗದ ಸುತ್ತ ಕೇರಿ, ಕೇರಿಗೆ ಬಾವಿಯದೇ ಹೆಸರು. ಓದುತ್ತಿದ್ದಂತೆ ನನ್ನ ಕಣ್ಣ ಮುಂದೆ ಬಂದದ್ದು ಚಾಂಪಿಯನ್ ರೀಫ್ಸ್‌ನ ಒಂದು ನಲ್ಲಿಕಟ್ಟೆ. ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು, ಜಾಗ ಕಾಯಲು ಇಟ್ಟ ಒಂದು ಕಲ್ಲು, ಅಲ್ಲಿ ಕೂತು ಬೀನ್ಸ್ ಸೋಸುತ್ತಿದ್ದ ಮೂವರು ಹೆಂಗಸರು. ಅವರಲ್ಲೊಬ್ಬರು ನನ್ನ ಜೊತೆ ಕನ್ನಡದಲ್ಲಿ, ಪಕ್ಕದವರ ಜೊತೆ ತಮಿಳಿನಲ್ಲಿ, ಸೊಪ್ಪು ಮಾರಲು ಬಂದ ಹಳ್ಳಿಯ ಹೆಂಗಸಿನ ಜೊತೆ ತೆಲುಗಿನಲ್ಲಿ ಒಂದೇ ಉಸಿರಿಗೆ ಮಾತಾಡಿದರು. ಯಾವ ಮಾತಿಗೂ ಅವರು ತಡವರಿಸಲಿಲ್ಲ. ಗಡಿ ಜಿಲ್ಲೆಯ ವಿದ್ಯೆ ಅದು.

ನಲ್ಲಿಯಿಂದ ಎಂಟು ಹೆಜ್ಜೆ ನಡೆದರೆ ಮಾರಿಯಮ್ಮನ ಗುಡಿ. ಸ್ವಲ್ಪ ಆಚೆ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚು. ಡಿಸೆಂಬರ್ ತಿಂಗಳಲ್ಲಿ ಹೋದರೆ ಲೈನಿನ ಚಾಚಿಗೆಲ್ಲ ಕಾಗದದ ನಕ್ಷತ್ರ ತೂಗುತ್ತಿರುತ್ತದೆ, ಹದಿನೈದು ದಿನ ಬಿಟ್ಟು ಅದೇ ಚಾಚಿಗೆ ಪೊಂಗಲಿನ ಕಬ್ಬು.

ಸಾಹೇಬರ ಬಂಗಲೆಗಳ ಬಗ್ಗೆ ನಾನು ಬಹಳ ಹೇಳುವುದಿಲ್ಲ. ಹೇಳುವವರು ಬೇಕಾದಷ್ಟಿದ್ದಾರೆ. ಕೆಂಪು ಹೆಂಚು, ಬೆಂಕಿ ಗೂಡು, ತೋಟ, ಕ್ಲಬ್ಬು, ಗಾಲ್ಫ್ ಮೈದಾನ: ಪುಟ್ಟ ಇಂಗ್ಲೆಂಡ್ ಎಂದು ಹೆಸರಾದದ್ದು ಇಷ್ಟು ಭಾಗ. ಒಂದು ಸಂಗತಿ ಮಾತ್ರ ಹೇಳಬೇಕು. ಇಲ್ಲಿಗೆ ಬಂದ ಮೇಲ್ವಿಚಾರಕರಲ್ಲಿ ಅನೇಕರು ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನವರು. ತಮ್ಮೂರಿನ ತವರ, ತಾಮ್ರದ ಗಣಿಗಳು ಮುಚ್ಚುತ್ತ ಬಂದಾಗ ಹೊಟ್ಟೆಪಾಡಿಗೆ ಹಡಗು ಹತ್ತಿದವರು. ಗಣಿಯ ಮುಖ್ಯಸ್ಥನನ್ನು ಕ್ಯಾಪ್ಟನ್ ಎಂದು ಕರೆಯುವ ರೂಢಿಯೂ ಅವರ ಜೊತೆ ಬಂತು. ಆ ಕಾರ್ನ್‌ವಾಲ್‌ನ ಪಾಳುಬಿದ್ದ ಗಣಿ ಕಟ್ಟಡಗಳು, ಕಾರ್ಮಿಕರ ಮನೆಗಳು ಎಲ್ಲ ಸೇರಿ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ಕಸುಬು, ಅದೇ ಯಂತ್ರ, ಅದೇ ಮನೆತನಗಳ ಕೈಕೆಲಸ ನಮ್ಮಲ್ಲೂ ಇದೆ. ನಮ್ಮ ಲೈನುಗಳಿಗೆ ಯಾವ ಪಟ್ಟಿಯೂ ಇಲ್ಲ. ಶಾಫ್ಟಿನ ಮೇಲಿನ ಉಕ್ಕಿನ ಗೋಪುರಗಳು, ಆ ದೊಡ್ಡ ಗಾಲಿಗಳು, ಬಿಸಿಲು ಮಳೆಗೆ ತುಕ್ಕು ತಿನ್ನುತ್ತಿವೆ.

ಲೈನಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ನೋಡಿ, ಗಾಳಿಯೇ ಬದಲಾಗುತ್ತದೆ. ರಾಬರ್ಟ್‌ಸನ್‌ಪೇಟೆ ಗಣಿಯ ಪಟ್ಟಿಯಿಂದ ಹೊರಗೆ, ಯೋಜನೆ ಹಾಕಿ ಕಟ್ಟಿದ ಊರು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರು. ಅಡ್ಡಕ್ಕೂ ಉದ್ದಕ್ಕೂ ನೇರ ರಸ್ತೆಗಳು, ಗೆರೆ ಎಳೆದಂತೆ. ನಮ್ಮ ತಂದೆಯ ಕೈ ಹಿಡಿದು ನಾನು ಮೊದಲು ಕಂಡ ‘ಸಿಟಿ’ ಇದೇ. ಎಂ.ಜಿ. ಮಾರ್ಕೆಟ್ಟಿನ ಒಳಗಿನ ಹಣ್ಣಿನ ವಾಸನೆ ನನಗೆ ಈಗಲೂ ಮೂಗಿಗೆ ಕಟ್ಟಿದಂತಿದೆ. ಸಂಬಳದ ದಿನ ಪೇಟೆ ತುಂಬಿ ತುಳುಕುತ್ತಿತ್ತು. ಆ ದಿನ ಹೆಂಡತಿಯ ಜೊತೆ ಬರುವ ಗಣಿ ಕೆಲಸಗಾರ ಮೊದಲು ಹೋಗುತ್ತಿದ್ದುದು ಗಿರವಿ ಅಂಗಡಿಗೆ, ಇಟ್ಟ ಒಡವೆ ಬಿಡಿಸಿಕೊಳ್ಳಲು. ‘ನೆಲದಿಂದ ಚಿನ್ನ ತೆಗೆಯೋರು ಅಂಗಡಿಯಿಂದ ಚಿನ್ನ ಬಿಡಿಸ್ಕೋಬೇಕು ನೋಡು’ ಎಂದು ನಮ್ಮ ತಂದೆ ಹೇಳಿದ್ದು ನೆನಪಿದೆ. ಆ ಮಾತಿನಲ್ಲಿ ನೋವಿತ್ತು. ಆಗ ನನಗೆ ಗೊತ್ತಾಗಲಿಲ್ಲ.

ಕನ್ನಡಕ್ಕೂ ಈ ಊರಿನ ನಂಟುಂಟು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಎಳೆ ವಯಸ್ಸಿನಲ್ಲಿ, ಕೆಲಸ ಹುಡುಕುತ್ತ ಅಲೆಯುವ ಕಾಲದಲ್ಲಿ, ಇಲ್ಲಿನ ಸೋಡಾ ಕಾರ್ಖಾನೆಯಲ್ಲಿ ಕೆಲವು ದಿನ ದುಡಿದರು. 

ಬೆಳಕಿನ ಕಥೆಗೆ ಬರುತ್ತೇನೆ. 1902ರ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಗಣಿಗಳಿಗೆ ಹರಿಯಿತು. ಸುಮಾರು 147 ಕಿಲೋಮೀಟರ್ ತಂತಿ, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ನಾವು ಶಾಲೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಡುತ್ತೇವೆ, ಹೇಳಿಕೊಡಲೇಬೇಕು. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಕರೆಂಟು ಬಂದದ್ದು ಗಿರಣಿಗೆ, ಶಾಫ್ಟಿನ ಯಂತ್ರಕ್ಕೆ. ತಟ್ಟಿ ಮನೆಯ ಒಳಗೆ ಉರಿದದ್ದು ಸೀಮೆಎಣ್ಣೆ ಬುಡ್ಡಿ.

ಜನ ಸುಮ್ಮನೆ ಇರಲಿಲ್ಲ. 1930ರಲ್ಲಿ, ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕು ಎಂಬ ನಿಯಮ ಬಂದಾಗ ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತು. ನಾವು ಕಳ್ಳರೇ ಎಂಬುದು ಅವರ ಪ್ರಶ್ನೆ. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಲೈನಿನ ಮುದುಕರು ಈಗಲೂ ಆ ದಿನವನ್ನು ಮನೆಯ ಸಾವಿನಂತೆ ನೆನೆಯುತ್ತಾರೆ. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರ ಫೆಬ್ರವರಿ 28ಕ್ಕೆ ಎಲ್ಲ ಮುಗಿಯಿತು. ಅಷ್ಟು ಹೊತ್ತಿಗೆ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೋಗಿತ್ತು.

ಚಿನ್ನ ಹೋಗಿ ಉಳಿದದ್ದು ಬೂದು ಬಣ್ಣದ ಗುಡ್ಡಗಳು. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಸುರಿದ ಮಣ್ಣು. ಸೈನೈಡ್ ಗುಡ್ಡ ಎಂದೇ ಎಲ್ಲರೂ ಕರೆಯುತ್ತಾರೆ. ಅದರ ಮೇಲೆ ಎಷ್ಟೋ ಸಿನಿಮಾ ತೆಗೆದಿದ್ದಾರೆ. ಬೆಂಗಳೂರಿನ ಹುಡುಗರು 2018ರ ‘ಕೆ.ಜಿ.ಎಫ್.’ ಎಂಬ ಆ ದೊಡ್ಡ ಸಿನಿಮಾ ನೋಡಿದ ಮೇಲೆ ಮೋಟರ್ ಸೈಕಲ್ಲಿನಲ್ಲಿ ಬಂದು ಗುಡ್ಡದ ಮುಂದೆ ಫೋಟೊ ಹಿಡಿದು ಹೋಗುತ್ತಾರೆ. ಬರಲಿ, ಸಂತೋಷ. ಆದರೆ ಗುಡ್ಡದ ಬುಡದಲ್ಲೇ ಜನ ವಾಸವಿದ್ದಾರೆ ಎಂಬುದು ಅವರ ಫೋಟೊದಲ್ಲಿ ಬರುವುದಿಲ್ಲ. ಗಾಳಿ ಎದ್ದ ದಿನ ಆ ದೂಳು ಒಣಹಾಕಿದ ಬಟ್ಟೆ, ಅನ್ನದ ಪಾತ್ರೆ, ಮಕ್ಕಳ ಕಣ್ಣು ಯಾವುದನ್ನೂ ಬಿಡುವುದಿಲ್ಲ. 13 ಗುಡ್ಡಗಳಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ, ಅದನ್ನು ತೆಗೆಯಬೇಕು ಎಂಬ ಕೇಂದ್ರದ ಯೋಜನೆಗೆ ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಲೈನಿನವರು ಆ ಸುದ್ದಿಗಿಂತ ಹೆಚ್ಚಾಗಿ ಕೇಳುವುದು ತಾವಿರುವ ಮನೆಯ ಹಕ್ಕುಪತ್ರವನ್ನು.

ಗಣಿ ಮುಚ್ಚಿದರೂ ಊರು ಖಾಲಿಯಾಗಲಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ. ಹೇಗೆ ಬದುಕುತ್ತಾರೆ ಎಂದು ತಿಳಿಯಬೇಕಾದರೆ ಬೆಳಗಿನ ಜಾವ ನಮ್ಮ ಬಂಗಾರಪೇಟೆಯ ಪ್ಲಾಟ್‌ಫಾರಂಗೆ ಬನ್ನಿ. ಮಾರಿಕುಪ್ಪಂನಿಂದ ಬರುವ ರೈಲು ಇಲ್ಲಿ ಮುಟ್ಟುವ ಹೊತ್ತಿಗೇ ತುಂಬಿರುತ್ತದೆ. ಭುಜಕ್ಕೆ ಚೀಲ, ಚೀಲದಲ್ಲಿ ಬುತ್ತಿ. ಕಟ್ಟಡದ ಕೆಲಸಕ್ಕೆ, ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ, ಆಫೀಸಿಗೆ, ಎಲ್ಲರೂ ಬೆಂಗಳೂರಿಗೆ. ಹಿಂದೆ ಲೈನುಗಳನ್ನು ಎಬ್ಬಿಸುತ್ತಿದ್ದುದು ಗಣಿಯ ಕೂಗು. ಸಂಗು ಎನ್ನುತ್ತಿದ್ದರು ಅದಕ್ಕೆ. ಈಗ ರೈಲಿನ ಹೊತ್ತು ಎಬ್ಬಿಸುತ್ತದೆ. ರಾತ್ರಿ ಹಿಂದಿರುಗುವಾಗ ಕೆಲವರು ಇಲ್ಲಿ ಇಳಿದು, ಮುಂದಿನ ಗಾಡಿ ಬರುವಷ್ಟರಲ್ಲಿ, ನಮ್ಮ ಊರಿನ ಪಾನಿಪುರಿ ತಿಂದು ಹೋಗುತ್ತಾರೆ. ಬಂಗಾರಪೇಟೆಯ ಪಾನಿ ಹಸಿರಲ್ಲ, ಬಾವಿ ನೀರಿನಂತೆ ತಿಳಿ. ಬಾಯಿಗೆ ಹಾಕಿಕೊಂಡ ಮೇಲೇ ಖಾರ ಗೊತ್ತಾಗುವುದು.

ಇನ್ನು ನನ್ನ ಕೊನೆಯ ಮಾತು ಕೆಳಗಿನ ಊರಿನದು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ. ನೂರು ನೂರು ಅಡಿಗೆ ಒಂದೊಂದರಂತೆ ಲೆವೆಲ್ಲುಗಳು; ಪ್ರತಿ ಲೆವೆಲ್ಲಿಗೂ ಎಡಕ್ಕೆ ಬಲಕ್ಕೆ ಸುರಂಗದ ಹಾದಿಗಳು. ಒಟ್ಟು ನೂರಾರು ಕಿಲೋಮೀಟರ್. ಮೇಲಿನ ಊರಿನ ಎಲ್ಲ ರಸ್ತೆಗಳನ್ನು ಕೂಡಿಸಿದರೂ ಅಷ್ಟಾಗಲಾರದು. ಅತಿ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಮೀರುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆ ಉರುಳುತ್ತಿತ್ತು. ಕೆಳಗೆ ಹೋದವರ ಹೆಸರು ಹಿಡಿದು ಹೆಂಗಸರು ಶಾಫ್ಟಿನತ್ತ ಓಡುತ್ತಿದ್ದರು. ಅದೇ ಆಳವನ್ನು ಭೌತವಿಜ್ಞಾನಿಗಳು ಹುಡುಕಿಕೊಂಡು ಬಂದರು. ಹೀತ್‌ಕೋಟ್ ಶಾಫ್ಟಿನ ಬದಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್‌ಹಮ್ ವಿಜ್ಞಾನಿಗಳ ಜೊತೆ ಸೇರಿ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಅವು ಕಂಡವು. ಆಕಾಶದ ವಿದ್ಯಮಾನವನ್ನು ತಿಳಿಯಲು ನಮ್ಮ ಜಿಲ್ಲೆಯ ಪಾತಾಳಕ್ಕೆ ಬರಬೇಕಾಯಿತು. ಆ ಯಂತ್ರಗಳನ್ನು ಕೇಜಿನಲ್ಲಿ ಇಳಿಸಿದವರು, ಬೆವರಿನಲ್ಲಿ ಹೊತ್ತು ನಿಲ್ಲಿಸಿದವರು ಲೈನಿನ ಜನ.

ಆ ಕೆಳಗಿನ ಊರಿನಲ್ಲಿ ಈಗ ನೀರು ತುಂಬಿದೆ. ಪಂಪು ನಿಂತ ಮೇಲೆ ಒಂದೊಂದೇ ಲೆವೆಲ್ ಮುಳುಗುತ್ತ ಬಂತು. ಇನ್ನು ಅಲ್ಲಿಗೆ ಯಾರೂ ಹೋಗಲಾರರು. ಹೋಗಿದ್ದವರು ಮಾತ್ರ ಇನ್ನೂ ನಮ್ಮ ನಡುವೆ ಇದ್ದಾರೆ, ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅನೇಕರ ಎದೆಯಲ್ಲಿ ಕಲ್ಲಿನ ದೂಳು ಕೂತಿದೆ. ನಾಲ್ಕು ಮಾತಿಗೊಮ್ಮೆ ಕೆಮ್ಮು.

ಹೋದ ಮಾಘದಲ್ಲಿ ಮಾರಿಕುಪ್ಪಂ ಕಡೆಯ ಒಂದು ಲೈನಿನಲ್ಲಿ ಅಂಥ ಒಬ್ಬ ಹಿರಿಯರ ಪಕ್ಕ ಕೂತಿದ್ದೆ. ಎಂಬತ್ತು ದಾಟಿದವರು. ಚಾಚಿನ ಕೆಳಗೆ ಹಗ್ಗದ ಮಂಚ, ಕೈಯಲ್ಲಿ ಉಣ್ಣೆಯ ಟೋಪಿ. ಮೊಮ್ಮಗಳು ನಮಗೆ ಟೀ ತಂದುಕೊಟ್ಟು ಕಾಲೇಜಿಗೆ ಹೊರಟಳು.

‘ಅಯ್ಯಾ, ನೀವು ಕೆಲಸ ಮಾಡಿದ ಜಾಗ ಇಲ್ಲಿಂದ ಎಷ್ಟು ದೂರ?’ ಎಂದು ಕೇಳಿದೆ. ಶಾಫ್ಟಿನ ಕಡೆ ಕೈ ತೋರಿಸುತ್ತಾರೆ ಅಂದುಕೊಂಡಿದ್ದೆ.

ಅವರು ಮಂಚದಿಂದ ಕಾಲು ಇಳಿಬಿಟ್ಟು ಅಂಗಳದ ನೆಲವನ್ನು ಹೆಬ್ಬೆರಳಿನಿಂದ ಎರಡು ಸಲ ತಟ್ಟಿದರು.

‘ಇಲ್ಲೇ ಸಾರ್. ಇದರ ಕೆಳಗೇ.’

ಆಮೇಲೆ, ಊರಿಗೆ ಹೊಸಬನಾದವನಿಗೆ ಮನೆಯ ಗುರುತು ಹೇಳುವಂತೆ, ನಿಧಾನವಾಗಿ ದಾರಿ ಹೇಳತೊಡಗಿದರು. ‘ಕೇಜಿನಿಂದ ಇಳೀತೀರಾ. ಅಲ್ಲಿ ಒಂದು ಲೈಟು ಇರುತ್ತೆ, ಮೇಸ್ತ್ರಿ ನಿಂತಿರ್ತಾನೆ, ನಂಬರ್ ಹೇಳ್ಬೇಕು. ಎಡಕ್ಕೆ ಹೋಗ್ಬೇಡಿ, ಅದು ಹಳೇದು, ಮುಚ್ಚಿಬಿಟ್ಟವ್ರೆ. ಬಲಕ್ಕೆ ಟ್ರಾಲಿ ಕಂಬಿ ಹಿಡ್ಕೊಂಡು ನಡೀರಿ. ಗಾಳಿ ಬಾಗಿಲು ಬರುತ್ತೆ, ತೆಗೆದು ಹಿಂದೆ ಹಾಕ್ಕೊಳ್ಳಿ, ಮರೀಬೇಡಿ. ಮುಂದೆ ತಲೆ ಬಗ್ಗಿಸ್ಬೇಕು. ಗೋಡೇಲಿ ನೀರು ಜಿನುಗ್ತಾ ಇರುತ್ತೆ, ಅದನ್ನ ಕೈಯಲ್ಲಿ ಮುಟ್ಬೇಡಿ, ಸುಡುತ್ತೆ.’ ಕೆಮ್ಮು ಬಂತು. ಲೋಟದಲ್ಲಿ ಉಳಿದಿದ್ದ ಟೀ ಕುಡಿದು ಸುಧಾರಿಸಿಕೊಂಡರು. ‘ಅಲ್ಲಿಂದ ಒಂದು ಇನ್ನೂರು ಹೆಜ್ಜೆ. ಬುತ್ತಿ ತೂಗುಹಾಕೋಕೆ ಒಂದು ಮೊಳೆ ಹೊಡೆದಿದ್ದೆ ನಾನು. ಆ ಮೊಳೆ ಕಂಡ್ರೆ ಸಾಕು, ಅದೇ ನಮ್ಮ ಜಾಗ.’